ಕೆಂಪಾದ ಹಳದಿ ಕುಲಾವಿ

ಎಲ್ಲರೂ ಕೂತಿರಾ? ಕಾಲು ಮಡಚಿದಿರಾ? ಇದು ಓಡುವ ಕತೆ. ಕತೆ ಓಡಲಿ, ನೀವು ಓಡಬೇಡಿ. ನಡುನಡುವೆ "ಹೂಂ" ಅನ್ನಿ.

ಒಂದು ಊರು. ಊರಲ್ಲಿ ಒಂದು ಬಣ್ಣದ ಮನೆ. ಅಂಗಳದ ತುಂಬ ಗಡಿಗೆ. ಹಗ್ಗದ ತುಂಬ ನೂಲು. ಅರಿಶಿನದ ಹಳದಿ ನೂಲು. ಮುತ್ತುಗದ ಹೂವಿನ ಕೇಸರಿ ನೂಲು. ನೀಲಿ ಗಿಡದ ನೀಲಿ ನೂಲು.

ಆ ಮನೆಯ ಹುಡುಗಿ ದುಂಡವ್ವ. ದುಂಡವ್ವನಿಗೆ ಒಬ್ಬ ಪುಟ್ಟ ತಮ್ಮ. ತಮ್ಮನಿಗೆ ಇನ್ನೂ ಹೆಸರಿಲ್ಲ. ಇವತ್ತೇ ಹೆಸರಿಡುವ ದಿನ.

ತಮ್ಮನಿಗೆ ಒಂದು ಕುಲಾವಿ. ಪುಟ್ಟ ಕುಲಾವಿ. ಕಿವಿ ಮುಚ್ಚುವ ಕುಲಾವಿ. ಹಳದಿ ಹಳದಿ ಕುಲಾವಿ. ಅವರ ಅಜ್ಜಿ, ಆಯಿಯೇ ಅದನ್ನು ಅರಿಶಿನದಲ್ಲಿ ಅದ್ದಿ ತೆಗೆದಿದ್ದಳು. ಹಳದಿ ಕುಲಾವಿ ಇದ್ದರೆ ತಮ್ಮ ಸುಮ್ಮನೆ. ಹಳದಿ ಕುಲಾವಿ ಇಲ್ಲದಿದ್ದರೆ ಞ್ಯಾಂ!

ಕುಲಾವಿಯ ಮೇಲೆ ಹಾಲು ಚೆಲ್ಲಿತು. ಕಲೆ ಆಯಿತು.

"ಹೆಸರಿಡುವ ದಿನ ಕಲೆಯೇ?" ಅಂದಳು ದುಂಡವ್ವ.

ಬಣ್ಣದ ಮನೆಯಲ್ಲಿ ನೂಲು ತೊಳೆಯುವುದು ಬೂದಿನೀರಿನಲ್ಲಿ. ದುಂಡವ್ವ ಕುಲಾವಿಯನ್ನೂ ಬೂದಿನೀರಿನಲ್ಲಿ ಅದ್ದಿದಳು. ಉಜ್ಜಿದಳು. ಹಿಂಡಿದಳು. ಎತ್ತಿ ನೋಡಿದಳು.

ಅಯ್ಯಯ್ಯೋ! ಕುಲಾವಿ ಕೆಂಪು!

ತಮ್ಮ ಕೆಂಪು ಕುಲಾವಿ ನೋಡಿದ. ಕಣ್ಣು ಅರಳಿಸಿದ. ಬಾಯಿ ತೆರೆದ.

"ಞ್ಯಾಂ! ಞ್ಯಾಂ! ಞ್ಯಾಂ!"

ತೊಟ್ಟಿಲು ಅಲುಗಿತು. ತಟ್ಟೆ ನಡುಗಿತು. ಹಗ್ಗದ ಮೇಲಿನ ನೂಲೆಲ್ಲ ಕುಣಿಯಿತು.

ಸೋದರತ್ತೆ ಕಾಶವ್ವ ಬಂದಳು. ಮಗುವಿನ ಕಿವಿಯಲ್ಲಿ ಹೆಸರು ಹೇಳಬೇಕಾದವಳು ಅವಳೇ. ಅವಳು ತೊಟ್ಟಿಲಿಗೆ ಬಗ್ಗಿದಳು. ಹೆಸರಿಗೆ ಮೊದಲು ಅನ್ನಬೇಕಾದ "ಕುರ್ರ್..." ಅಂದಳು.

"ಞ್ಯಾಂ!" ಅಂದ ತಮ್ಮ.

"ಅಯ್ಯ ಶಿವನ! ನಾ ಹೇಳಿದ್ದು ನನಗ ಕೇಳಸಲಿಲ್ಲ. ಇವಗ ಹೆಂಗ ಕೇಳೀತು? ಹೊತ್ತು ಮುಳುಗೋದ್ರಾಗ ಇವ ಸುಮ್ಮನಾಗಲಿಲ್ಲ ಅಂದ್ರ ಇವತ್ತು ಹೆಸರಿಲ್ಲ!"

ಹೆಸರಿಲ್ಲದ ತಮ್ಮ! ದುಂಡವ್ವ ಕೆಂಪು ಕುಲಾವಿ ಎತ್ತಿಕೊಂಡಳು. ಅವಳು ಆಯಿಯ ಹತ್ತಿರ ಓಡಿದಳು.

"ಆಯಿ ಆಯಿ, ಕುಲಾವಿ ಹಳದಿ ಮಾಡು.
ಹಳದಿ ಕುಲಾವಿ ತಮ್ಮನಿಗೆ. ತಮ್ಮ ಸುಮ್ಮನಾದರೆ ಹೆಸರು!"

ಆಯಿ ಕುಲಾವಿ ನೋಡಿದಳು. ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಅರಿಶಿನಕ್ಕ ಬೂದಿನೀರು ಹಾಕಿದಿ? ಓಕುಳಿ ಮಾಡಿದೆಲ್ಲವ್ವ! ಬೂದಿನೀರಿಗೆ ಕೆಂಪು, ಹುಳಿನೀರಿಗೆ ಹಳದಿ. ಹುಣಸೆಹಣ್ಣು ತಾ. ಮನ್ಯಾಗಿಂದೆಲ್ಲ ಸಾರಿಗೆ ಹೋತು."

ದುಂಡವ್ವ ಓಡಿದಳು. ದುಡುದುಡು ದುಡುದುಡು. ಹುಣಸೆಮರದ ಹತ್ತಿರ ಬಂದಳು. ಮರದ ತುದಿಯಲ್ಲಿ ಮಂಗ.

"ಮಂಗ ಮಂಗ, ಹುಣಸೆ ಉದುರಿಸು.
ಹುಣಸೆ ಆಯಿಗೆ. ಆಯಿ ಹಿಂಡಿದರೆ ಹಳದಿ.
ಹಳದಿ ಕುಲಾವಿ ತಮ್ಮನಿಗೆ. ತಮ್ಮ ಸುಮ್ಮನಾದರೆ ಹೆಸರು!"

ಮಂಗ ಬಾಲ ಎತ್ತಿ ತೋರಿಸಿತು.

"ನನ್ನ ಬಾಲ ನೋಡು. ಎಷ್ಟು ಚೆಂದ! ಆದರೆ ತುದಿ ಬೋಳು. ನಿನ್ನ ಜಡೆಗೆ ಗೊಂಡೆ ಐತಿ. ನನ್ನ ಬಾಲಕ್ಕೆ ಯಾಕಿಲ್ಲ?"

"ತಗೋ, ಇದನ್ನೇ ತಗೋ!" ದುಂಡವ್ವ ಜಡೆಯ ಗೊಂಡೆ ಬಿಚ್ಚಿದಳು.

"ಥೂ, ಬಿಳಿ! ಬಿಳಿ ಯಾರಿಗೆ ಬೇಕು? ನೀಲಿ ಮಾಡಿಕೊಂಡು ಬಾ. ನೀಲಿ ಇದ್ದರೆ ಕುಣೀತೀನಿ. ನೀಲಿ ಇಲ್ಲ ಅಂದ್ರ ಕುಣಿಯೋದಿಲ್ಲ."

ದುಂಡವ್ವ ಓಡಿದಳು. ದುಡುದುಡು ದುಡುದುಡು. ಅಂಗಳದ ಮೂಲೆಗೆ ಬಂದಳು. ಅಲ್ಲಿ ಕತ್ತಿನವರೆಗೆ ನೆಲದಲ್ಲಿ ಹೂತ ನೀಲಿ ಗಡಿಗೆ.

"ಗಡಿಗೆ ಗಡಿಗೆ, ನೀಲಿ ಕೊಡು.
ನೀಲಿ ಗೊಂಡೆ ಮಂಗನಿಗೆ. ಮಂಗ ಕುಣಿದರೆ ಹುಣಸೆ.
ಹುಣಸೆ ಆಯಿಗೆ. ಆಯಿ ಹಿಂಡಿದರೆ ಹಳದಿ.
ಹಳದಿ ಕುಲಾವಿ ತಮ್ಮನಿಗೆ. ತಮ್ಮ ಸುಮ್ಮನಾದರೆ ಹೆಸರು!"

"ಗುಳುಕ್," ಅಂದಿತು ಗಡಿಗೆ. "ಮನೆ ತುಂಬ ಹೋಳಿಗೆ. ನೆಂಟರಿಗೆ ಹೋಳಿಗೆ. ನೆಂಟರ ನಾಯಿಗೂ ಹೋಳಿಗೆ. ನನಗೇನು? ನೀಲಿ ಗಡಿಗೆಗೆ ಬೆಲ್ಲ ಉಣ್ಣಿಸಬೇಕು ಅಂತ ಯಾರಿಗಾದರೂ ನೆನಪಾಯಿತೇ? ಹಸಿದ ಹೊಟ್ಟೆಯಲ್ಲಿ ನೀಲಿ ಹುಟ್ಟುವುದಿಲ್ಲ. ಗುಳುಕ್!"

ದುಂಡವ್ವ ಓಡಿದಳು. ದುಡುದುಡು ದುಡುದುಡು. ಕೋಣೆಗೆ ಬಂದಳು. ಕೋಣೆಯಲ್ಲಿ ಬೆಲ್ಲದ ಪೆಟ್ಟಿಗೆ. ಪೆಟ್ಟಿಗೆಯ ಮುಚ್ಚಳದ ಮೇಲೆ ಚುಕ್ಕಿ ಕೋಳಿ. ಕೋಳಿಯ ಕೆಳಗೆ ಮೊಟ್ಟೆ.

"ಕೋಳಿ ಕೋಳಿ, ಮೇಲೆ ಏಳು.
ಕೋಳಿ ಎದ್ದರೆ ಬೆಲ್ಲ. ಬೆಲ್ಲ ಗಡಿಗೆಗೆ. ಗಡಿಗೆ ಉಂಡರೆ ನೀಲಿ.
ನೀಲಿ ಗೊಂಡೆ ಮಂಗನಿಗೆ. ಮಂಗ ಕುಣಿದರೆ ಹುಣಸೆ.
ಹುಣಸೆ ಆಯಿಗೆ. ಆಯಿ ಹಿಂಡಿದರೆ ಹಳದಿ.
ಹಳದಿ ಕುಲಾವಿ ತಮ್ಮನಿಗೆ. ತಮ್ಮ ಸುಮ್ಮನಾದರೆ ಹೆಸರು!"

"ಕೊಕ್ಕೊಕ್ಕೋ! ಕಾವಿಗೆ ಕೂತವಳನ್ನ ಏಳು ಅಂತೀಯಾ? ನಾಚಿಕೆ ಇಲ್ಲವಾ? ಮುಟ್ಟು ನೋಡು, ಕುಕ್ಕುತ್ತೀನಿ! ಒಂದು ಹಿಡಿ ಜೋಳ ತಾ. ಜೋಳ ಬಿದ್ದ ಕಡೆ ಏಳುತ್ತೀನಿ. ಬರೀ ಮಾತು ಬಿದ್ದ ಕಡೆ ಏಳೋದಿಲ್ಲ."

ಮನೆಯ ಜೋಳವೆಲ್ಲ ಗಿರಣಿಗೆ ಹೋಗಿತ್ತು. ನೆಲಕ್ಕೆ ಚೆಲ್ಲಿದ ಜೋಳವನ್ನು ಇರುವೆಗಳು ಹೊತ್ತೊಯ್ದಿದ್ದವು.

ದುಂಡವ್ವ ಓಡಿದಳು. ದುಡುದುಡು ದುಡುದುಡು. ಗೋಡೆಯ ಬುಡಕ್ಕೆ ಬಂದಳು. ಅಂಗಾತ ಬಿದ್ದ ಇರುವೆಗಳು. ಬೋರಲು ಬಿದ್ದ ಇರುವೆಗಳು. ಒಂದರ ಮೇಲೊಂದು ಬಿದ್ದ ಇರುವೆಗಳು.

"ಇರುವೆ ಇರುವೆ, ಜೋಳ ಕೊಡು.
ಜೋಳ ಕೋಳಿಗೆ. ಕೋಳಿ ಎದ್ದರೆ ಬೆಲ್ಲ.
ಬೆಲ್ಲ ಗಡಿಗೆಗೆ. ಗಡಿಗೆ ಉಂಡರೆ ನೀಲಿ.
ನೀಲಿ ಗೊಂಡೆ ಮಂಗನಿಗೆ. ಮಂಗ ಕುಣಿದರೆ ಹುಣಸೆ.
ಹುಣಸೆ ಆಯಿಗೆ. ಆಯಿ ಹಿಂಡಿದರೆ ಹಳದಿ.
ಹಳದಿ ಕುಲಾವಿ ತಮ್ಮನಿಗೆ. ತಮ್ಮ ಸುಮ್ಮನಾದರೆ ಹೆಸರು!"

"ಕೊಡ್ತಿದ್ವಿ," ಅಂದಿತು ಮುಂದಿನ ಇರುವೆ. "ಆದರೆ ಗೋಡೆ ನಡುಗುತ್ತಿದೆ. ಕಾಳು ಎತ್ತುತ್ತೇವೆ, ಞ್ಯಾಂ! ಬೀಳುತ್ತೇವೆ. ಮತ್ತೆ ಎತ್ತುತ್ತೇವೆ, ಞ್ಯಾಂ! ಮತ್ತೆ ಬೀಳುತ್ತೇವೆ. ಮೊದಲು ನಿನ್ನ ತಮ್ಮನನ್ನು ಸುಮ್ಮನಿರಿಸು!"

ಅಯ್ಯೋ! ಇದೇನು ಗಂಟು?

ತಮ್ಮ ಸುಮ್ಮನಾದರೆ ಜೋಳ. ಜೋಳ ಸಿಕ್ಕರೆ ಬೆಲ್ಲ. ಬೆಲ್ಲ ಸಿಕ್ಕರೆ ನೀಲಿ. ನೀಲಿ ಸಿಕ್ಕರೆ ಹುಣಸೆ. ಹುಣಸೆ ಸಿಕ್ಕರೆ ಹಳದಿ. ಹಳದಿ ಸಿಕ್ಕರೆ ತಮ್ಮ ಸುಮ್ಮನೆ!

ದುಂಡವ್ವನ ತಲೆ ಗಿರಗಿರ ತಿರುಗಿತು. ಹೊತ್ತು ಕೆಳಗೆ ಇಳಿಯಿತು. ಅವಳು ತೊಟ್ಟಿಲಿನ ಹತ್ತಿರ ಹೋದಳು. ಕೈಯಲ್ಲಿ ಕೆಂಪು ಕುಲಾವಿ. ಏನು ಮಾಡಬೇಕೋ ತಿಳಿಯಲಿಲ್ಲ. ಕುಲಾವಿಯನ್ನು ತನ್ನ ತಲೆಗೆ ಹಾಕಿಕೊಂಡಳು.

ಪುಟ್ಟ ಕುಲಾವಿ. ದೊಡ್ಡ ತಲೆ. ಕುಲಾವಿ ನೆತ್ತಿಯ ಮೇಲೆ ಟೊಮೆಟೊದ ಹಾಗೆ ಕೂತಿತು. ದುಂಡವ್ವ ಕೆನ್ನೆ ಉಬ್ಬಿಸಿದಳು. ಕಣ್ಣು ಹೊರಳಿಸಿದಳು. "ಬುರ್ರ್ರ್!" ಅಂದಳು.

ತಮ್ಮ ಬಾಯಿ ತೆರೆದ. ಞ್ಯಾಂ ಬರಲಿಲ್ಲ.

"ಬಿಕ್," ಅಂದ.

"ಈಗ! ಈಗ! ಓಡಿ!" ಅಂದವು ಇರುವೆಗಳು. ಕಾಳು ಎತ್ತಿದವು. ಸಾಲು ಕಟ್ಟಿದವು. ಸರಸರ ಸರಸರ ಓಡಿದವು. ಕೋಣೆಯ ಬಾಗಿಲಲ್ಲಿ ಒಂದು ಹಿಡಿ ಜೋಳ ರಾಶಿ ಹಾಕಿದವು.

"ನಾನೂ ಈಗ!" ಅಂದಳು ಕಾಶವ್ವ ಅತ್ತೆ. ತೊಟ್ಟಿಲಿಗೆ ಬಗ್ಗಿದಳು. "ಕುರ್ರ್..."

ಟಪ್! ಕುಲಾವಿ ನೆತ್ತಿಯಿಂದ ಜಾರಿ ಬಿತ್ತು.

"ಞ್ಯಾಂ!"

"ಹೋತು!" ಅಂದಳು ಅತ್ತೆ.

ಆದರೆ ಜೋಳ ಸಿಕ್ಕಿತ್ತು! ಈಗ ನೋಡಿ ಓಟ.

ಇರುವೆ ಜೋಳ ಕೊಟ್ಟಿತು. ಜೋಳ ಕೋಳಿಗೆ.

ಕೋಳಿ ಎದ್ದಿತು. ಕೊಕ್ಕೊಕ್ಕೋ! ಬೆಲ್ಲ ಸಿಕ್ಕಿತು. ಬೆಲ್ಲ ಗಡಿಗೆಗೆ.

ಗಡಿಗೆ ಉಂಡಿತು. ಗುಳುಕ್ ಗುಳುಕ್ ಗುಳುಕ್! ದೊಡ್ಡದಾಗಿ ತೇಗಿತು. ನೀಲಿ ನೊರೆ ಉಕ್ಕಿತು. ದುಂಡವ್ವ ಬಿಳಿ ಗೊಂಡೆ ಅದ್ದಿದಳು. ಎತ್ತಿದಳು. ಅಯ್ಯೋ, ಹಸಿರು!

"ಮೋಸ!" ಅಂದಳು ದುಂಡವ್ವ.

"ಗಾಳಿಗೆ ಹಿಡಿಯೇ, ಅವಸರದವಳೇ!" ಅಂದಿತು ಗಡಿಗೆ.

ಗಾಳಿಗೆ ಹಿಡಿದಳು. ಹಸಿರು ಹೋಯಿತು. ನೀಲಿ ಬಂತು. ನೀಲಿ ನೀಲಿ ನೀಲಿ ಗೊಂಡೆ! ಗೊಂಡೆ ಮಂಗನಿಗೆ.

ಮಂಗ ಬಾಲಕ್ಕೆ ಗೊಂಡೆ ಕಟ್ಟಿತು. ತಿರುಗಿ ನೋಡಿಕೊಂಡಿತು. ಬಾಲವೂ ತಿರುಗಿತು. ಬಾಲ ನೋಡಲು ಮಂಗ ತಿರುಗಿತು. ಮಂಗ ತಿರುಗಿದರೆ ಬಾಲ ತಿರುಗಿತು. ಗಿರಗಿರ ಗಿರಗಿರ! ಕೊಂಬೆ ಕುಣಿಯಿತು. ಹುಣಸೆ ಉದುರಿತು. ತಲೆ ಮೇಲೆ ಟಪ್, ಮೂಗಿನ ಮೇಲೆ ಟಪ್, ಲಂಗದ ತುಂಬ ಟಪ್ ಟಪ್ ಟಪ್! ಹುಣಸೆ ಆಯಿಗೆ.

ಆಯಿ ಹುಣಸೆ ಕಿವುಚಿದಳು. ಹುಳಿನೀರು ಹಿಂಡಿದಳು. ಕೆಂಪು ಕುಲಾವಿಯನ್ನು ಅದರಲ್ಲಿ ಮುಳುಗಿಸಿದಳು.

ಹೊತ್ತು ಗುಡ್ಡದ ನೆತ್ತಿ ಮುಟ್ಟಿತು. ದುಂಡವ್ವ ಉಸಿರು ಹಿಡಿದಳು. ಕೆಂಪು ತೆಳುವಾಯಿತು. ತೆಳುವಾಯಿತು, ತೆಳುವಾಯಿತು...

ಹಳದಿ!

"ಹಳದಿ! ಹಳದಿ! ಹಳದಿ!"

ಆಯಿ ಕುಲಾವಿ ಹಿಂಡಿದಳು. ಒಲೆಯ ಮುಂದೆ ಹಿಡಿದಳು. ಬೆಚ್ಚಗಾದ ಕುಲಾವಿ ತಮ್ಮನ ತಲೆಗೆ. ತಮ್ಮ ಸುಮ್ಮನಾದ.

ತೊಟ್ಟಿಲು ಸುಮ್ಮನೆ. ತಟ್ಟೆ ಸುಮ್ಮನೆ. ಹಗ್ಗದ ಮೇಲಿನ ನೂಲೂ ಸುಮ್ಮನೆ.

ಕಾಶವ್ವ ಅತ್ತೆ ತುದಿಗಾಲಲ್ಲಿ ಬಂದಳು. ಬಗ್ಗಿದಳು. ತಮ್ಮ ತುಟಿ ಸೊಟ್ಟ ಮಾಡಿದ. ಅತ್ತೆ ಹಿಂದೆ ಸರಿದಳು. ತುಟಿ ನೆಟ್ಟಗಾಯಿತು. ಅತ್ತೆ ಮತ್ತೆ ಬಗ್ಗಿದಳು. ತುಟಿ ಮತ್ತೆ ಸೊಟ್ಟ!

ದುಂಡವ್ವ ಬಗ್ಗಿದಳು. ತಮ್ಮ ಅವಳ ಬಿಚ್ಚಿದ ಜಡೆ ಹಿಡಿದುಕೊಂಡ. ಬಿಡಲಿಲ್ಲ.

ಅತ್ತೆ ಮೆಲ್ಲಗೆ ಅಂದಳು, "ಇವಗ ನೀನೇ ಬೇಕಂತ. ನೀನೇ ಹೇಳು, ನಮ್ಮವ್ವ. ಆದರ ಗುದ್ದೂ ನಿನಗೇ ಮತ್ತ!"

ಆ ಊರಿನ ಪದ್ಧತಿ ಹಾಗೆ. ಕಿವಿಯಲ್ಲಿ ಹೆಸರು ಹೇಳಿದವಳ ಬೆನ್ನಿಗೆ ಹೆಂಗಸರೆಲ್ಲ ಗುದ್ದು ಹಾಕಬೇಕು. ಅವ್ವ ಬಳೆ ಹಿಂದೆ ಸರಿಸಿದಳು. ಅತ್ತೆ ಸೆರಗು ಸಿಕ್ಕಿಸಿದಳು. ಆಯಿ ಎರಡೂ ಕೈ ಉಜ್ಜಿಕೊಂಡಳು.

"ಜೋರಾಗಿ ಬೇಡ, ಹಾಂ!" ಅಂದಳು ದುಂಡವ್ವ. ತಮ್ಮನ ಕಿವಿಯ ಮೇಲಿನ ಹಳದಿ ಕುಲಾವಿ ಸ್ವಲ್ಪ ಸರಿಸಿದಳು.

"ಕುರ್ರ್... ಚಂದ್ರಾಮ."

ಗುದ್ದು! ಗುದ್ದು! ಗುದುಗುದು ಗುದ್ದು!

ಅವ್ವನ ಗುದ್ದು, ಅತ್ತೆಯ ಗುದ್ದು, ಹುಳಿ ಮೆತ್ತಿದ ಕೈಯಲ್ಲಿ ಆಯಿಯ ಗುದ್ದು. ದುಂಡವ್ವ ನುಲಿದಳು. ಕುಣಿದಳು. "ಸಾಕು ಆಯಿ! ಕಚಗುಳಿ ಆಗ್ತದ ಅತ್ತಿ! ಸಾಕು!"

ತೊಟ್ಟಿಲಿನಲ್ಲಿ ಚಂದ್ರಾಮ ಅಕ್ಕನನ್ನು ನೋಡಿದ. ಕಣ್ಣು ಅರಳಿಸಿದ. ಬಾಯಿ ತೆರೆದ. ಎಲ್ಲರೂ ಕಿವಿ ಮುಚ್ಚಿಕೊಂಡರು.

"ಕೆಕ್ಕೆಕ್ಕೆಕ್ಕೆ!"

ಅವನು ಹುಟ್ಟಿದ ಮೇಲೆ ನಕ್ಕ ಮೊದಲ ನಗು ಅದು.

ಕತೆ ಮುಗಿಯಿತು. ಈಗ ಪಕ್ಕದವರ ಬೆನ್ನಿಗೆ ಒಂದು ಗುದ್ದು ಕೊಡಿ. ಮೆಲ್ಲಗೆ. ಮೆಲ್ಲಗೆ ಅಂದೆ!