ಬಾಗಿಲ ಜೇನುಗಳ ಮರುನೇಮಕ

ಒಂದು ಜೇನುಗೂಡಿನ ಬಾಗಿಲಲ್ಲಿ ನಿಂತು, ರೆಕ್ಕೆ ಬಡಿದು ಒಳಗೆ ಗಾಳಿ ಕಳಿಸುವ ಜೇನುಗಳಿದ್ದವು. “ನಿಂತಲ್ಲೇ ನಿಲ್ಲುವವರಿಗೆ ಕೆಲಸವೆಂಥದು?” ಎಂದು ರಾಣಿ ಅವುಗಳನ್ನು ತೆಗೆದುಹಾಕಿದಳು. ಆಗ ಚಳಿಗಾಲ ನೋಡಿ, ಯಾರಿಗೂ ಏನೂ ಅನ್ನಿಸಲಿಲ್ಲ! ಬೇಸಿಗೆ ಬಂತು, ಮೇಣ ಮೆತ್ತಗಾಯಿತು, ಕೂಡಿಟ್ಟ ಜೇನು ತೊಟ್ಟಿಕ್ಕತೊಡಗಿತು.

ರಾಣಿ ಕಳಿಸಿದ ಗಂಡುಜೇನು, ಕೆಲಸ ಕಳೆದುಕೊಂಡ ಜೇನುಗಳು ಕೂತಿದ್ದ ಪಕ್ಕದ ಕೊಂಬೆಗೆ ಬಂದು ಸಾರಿತು: “ಮಹಾರಾಣಿಯವರು ದಯೆತೋರಿ ನಿಮ್ಮನ್ನು ಹೊಸದಾಗಿ ನೇಮಿಸಿಕೊಂಡಿದ್ದಾರೆ.”

“ಸಂತೋಷ ತಮ್ಮಾ,” ಎಂದಿತು ಹಿರಿಯ ಜೇನು. ಎಲ್ಲವೂ ಹಾರಿ ಬಂದವು; ಬಂದದ್ದೇ, ಒಳಹೊಕ್ಕು ಕೋಣೆಗಳನ್ನು ಗುಡಿಸತೊಡಗಿದವು.

ರಾಣಿ ಓಡಿ ಬಂದಳು. “ಅಯ್ಯೋ, ಗೂಡು ಕರಗುತ್ತಿದೆ, ನೀವು ಗುಡಿಸುತ್ತಾ ಕೂತಿದ್ದೀರಲ್ಲ!”

“ಹೊಸಬರು ಮೊದಲು ಕೋಣೆ ಗುಡಿಸಬೇಕೆಂಬುದು ಗೂಡಿನ ಕಟ್ಟಳೆ, ತಾಯಿ. ಗಾಳಿ ಬೀಸುವ ಸರದಿ ಬರಲು ಎರಡು ವಾರ ಬೇಕು. ಈಗ ಹೇಳಿ, ನಾವು ಹೊಸಬರೋ ಹಳಬರೋ?”

ರಾಣಿಯ ನೆತ್ತಿಯ ಮೇಲೆ ಒಂದು ಹನಿ ಬಿತ್ತು. “ಹಳಬರೇ ಕಣ್ರಮ್ಮಾ! ತೆಗೆದದ್ದು ನನ್ನ ತಪ್ಪು. ನಿಮ್ಮ ಜಾಗ ನಿಮ್ಮದೇ, ಹೋಗಿ ನಿಲ್ಲಿ.”

ಮಾತು ಮುಗಿಯುವ ಮೊದಲೇ ಎಲ್ಲವೂ ಬಾಗಿಲಲ್ಲಿ ಸಾಲಾಗಿ ನಿಂತವು. ಹಿರಿಯ ಜೇನು, ಹಿಂದೆಯೇ ಬಂದು ಬಾಗಿಲಲ್ಲಿ ನಿಂತಿದ್ದ ಗಂಡುಜೇನಿನ ಕಡೆ ತಿರುಗಿ ಹೇಳಿತು: “ಸ್ವಲ್ಪ ಸರಿದು ನಿಲ್ಲಪ್ಪಾ, ಗಾಳಿಗೆ ಅಡ್ಡ ನಿಂತಿದ್ದೀಯ.”