ಹಳೆಯ ಬೆಲ್ಟಿನ ಬಿನ್ನಹ

ದೋಣಿ ನಡೆಸುವ ಇನಾಸನಿಗೆ ಕೈಗಡಿಯಾರ ಕೂಡಿಡುವ ಹುಚ್ಚು. ಅವುಗಳಲ್ಲಿ ಚಿನ್ನದ ಬಣ್ಣದ ವಾಚಿಗೆ ಜಂಬ ಹೆಚ್ಚು. "ವರ್ಷಕ್ಕೊಮ್ಮೆ ಬದಲಾಗುವವನು ನೀನು. ನನಗೆ ಅಂಟಿಕೊಂಡು ಬದುಕುತ್ತೀಯೆ," ಎಂದು ಅದು ತನ್ನ ಚರ್ಮದ ಬೆಲ್ಟನ್ನು ಹಂಗಿಸುತ್ತಿತ್ತು.

ಒಂದು ದಿನ ನಡುಹೊಳೆಯಲ್ಲಿ ಇನಾಸ ಹಗ್ಗ ಎಳೆಯುವಾಗ ಕೈಯಲ್ಲಿದ್ದ ಆ ವಾಚು ದೋಣಿಯ ಕೊಕ್ಕೆಗೆ ಸಿಕ್ಕಿ ಜಗ್ಗಿತು. ಬೆಲ್ಟಿನ ಹೊಲಿಗೆ ಒಂದೊಂದಾಗಿ ಬಿಚ್ಚತೊಡಗಿತು. "ನನ್ನನ್ನು ಬಿಡಬೇಡಪ್ಪಾ," ಎಂದು ವಾಚು ಬೇಡಿಕೊಂಡಿತು. ಬೆಲ್ಟು ಬಿಡಲಿಲ್ಲ. ದಡ ಸೇರುವವರೆಗೂ ಉಳಿದ ಒಂದೇ ಎಳೆಯಲ್ಲಿ ಅದನ್ನು ಹಿಡಿದುಕೊಂಡಿತ್ತು.

ಸಂಜೆ ಇನಾಸ ಹೊಸ ಬೆಲ್ಟು ತಂದು ಹಳೆಯದನ್ನು ಬಿಚ್ಚಿದ. ಹಳೆಯ ಬೆಲ್ಟು ಹೇಳಿತು: "ಯಜಮಾನರೇ, ಹೊಸಬ ಇನ್ನೂ ಎಳೆಯವನು. ಬೆವರಿನಲ್ಲಿ ನೆಂದರೆ ನೆರಳಲ್ಲಿ ಒಣಗಿಸಿ. ಬಿಸಿಲಿಗಿಟ್ಟರೆ ಬಿರುಕು ಬಿಡುತ್ತಾನೆ."

ಇನಾಸ ಹಳೆಯ ಬೆಲ್ಟನ್ನು ಮೆತ್ತಗೆ ಒರೆಸಿ, ಪೆಟ್ಟಿಗೆಯಲ್ಲಿ ಗಡಿಯಾರಗಳ ಸಾಲಿನಲ್ಲೇ ಮಲಗಿಸಿದ.