ಸಾಕು ಎಂಬ ಮಾತು

“ನನ್ನ ಕೈಯ ಅನ್ನ ಬೇಡವಾದವನನ್ನು ನನ್ನ ಮಗಳ ಮದುವೆಗೆ ಕರೆಯಬೇಕೇ, ಬುದ್ಧಿ?”

ಮಠದ ಜಗಲಿಯಲ್ಲಿ ಕುಳಿತಿದ್ದ ಗುರುಗಳನ್ನು ದೇವೀರಮ್ಮ ಹೀಗೆ ಕೇಳಿದಳು. ಮಗಳ ಲಗ್ನಪತ್ರಿಕೆಯನ್ನು ಗದ್ದುಗೆಗೆ ಮುಟ್ಟಿಸಿಕೊಂಡು ಬಂದಿದ್ದಳು. ಹಣೆಯಲ್ಲಿ ವಿಭೂತಿ ಇತ್ತು, ಮುಖದಲ್ಲಿ ಸಮಾಧಾನ ಇರಲಿಲ್ಲ.

“ಯಾರ ಮಾತು ತಾಯಿ?” ಎಂದರು ಗುರುಗಳು.

“ನನ್ನ ತಮ್ಮ ಮರಿಸ್ವಾಮಿ. ಅವ್ವ ಹೋದಾಗ ಅವನು ಹಾಲು ಬಿಡದ ಕೂಸು. ಸಾಕಿದವಳು ನಾನು. ನಾನು ಇಕ್ಕಿದ್ದು ಉಂಡು ಆನೆ ಹಾಗೆ ಬೆಳೆದ. ಆಮೇಲೆ ಮೈಭಾರ ತಡೆಯಲಾರದೆ ಪಟ್ಟಣದ ಆಸ್ಪತ್ರೆಗೆ ಹೋಗಿ ಹೊಟ್ಟೆಯನ್ನೇ ಚಿಕ್ಕದು ಮಾಡಿಸಿಕೊಂಡು ಬಂದ. ವರ್ಷಗಳಾದವು. ಗಾಯ ಮಾಯಿತು, ಊಟ ಮಾತ್ರ ಮರಳಲಿಲ್ಲ. ಏನು ಬಡಿಸಿದರೂ ಎರಡು ತುತ್ತಿಗೆ ‘ಸಾಕು’ ಅಂತಾನೆ. ಹೋದ ಗೌರಿ ಹಬ್ಬಕ್ಕೆ ಬಾಗಿನ ತಂದಿದ್ದ. ಹೋಳಿಗೆ ಹಾಕಹೋದರೆ ನೆಂಟರೆಲ್ಲರ ಎದುರಿಗೆ ಎಲೆಗೆ ಎರಡೂ ಕೈ ಅಡ್ಡ ಹಿಡಿದ. ‘ಅಕ್ಕನ ಅನ್ನ ಬೇಡದವನು ಇನ್ನು ಅಕ್ಕನ ಮನೆಗೂ ಬರಬೇಡ’ ಅಂದುಬಿಟ್ಟೆ. ಅಂದಿನಿಂದ ಬರಲಿಲ್ಲ. ಈಗ ಹುಡುಗಿಯನ್ನು ಹಸೆಗೆ ಕರೆತರಲು ಸೋದರಮಾವ ಬೇಕು. ನಮ್ಮ ಯಜಮಾನರು, ಬೇರೆ ಯಾರನ್ನಾದರೂ ನಿಲ್ಲಿಸೋಣ ಬಿಡು ಅಂತಾರೆ. ನನಗೆ ಹಾಗನ್ನಲೂ ಬಾಯಿ ಬಾರದು, ಅವನ ಬಾಗಿಲಿಗೆ ಹೋಗಲೂ ಕಾಲು ಬಾರದು.”

ಗುರುಗಳು ಅವಳಿಗೆ ಕೂರಲು ಹೇಳಿದರು. ಆಮೇಲೆ ಒಂದು ಕತೆ ಹೇಳಿದರು.

ಒಬ್ಬ ರೈತನಿದ್ದ. ಕಬ್ಬು ಬೆಳೆದು, ತನ್ನದೇ ಆಲೆಮನೆಯಲ್ಲಿ ಬೆಲ್ಲ ಮಾಡುತ್ತಿದ್ದ. ಆ ಬೆಲ್ಲವನ್ನು ಕೊಳ್ಳಲು ಒಬ್ಬ ವ್ಯಾಪಾರಿ ಬರುತ್ತಿದ್ದ. ಪ್ರತಿ ಹಂಗಾಮಿನಲ್ಲೂ ರೈತ ಮೊದಲ ಅಚ್ಚನ್ನು ಮುರಿದು ವ್ಯಾಪಾರಿಯ ಕೈಗೆ ಕೊಡುವನು. ವ್ಯಾಪಾರಿ ತಿಂದು ತಲೆಯಾಡಿಸಿದರೆ ವ್ಯಾಪಾರ ಕುದುರಿದಂತೆ. ಕೊಟ್ಟ ಬೆಲ್ಲವನ್ನು ಬಾಯಿಗೆ ಹಾಕದೆ ಕೆಳಗಿಟ್ಟರೆ, ನಿನ್ನ ಮಾಲು ನನಗೆ ಬೇಡ ಎಂದು ಅರ್ಥ. ಆ ಸೀಮೆಯಲ್ಲಿ ಅದೇ ಪದ್ಧತಿ. ಆಲೆಮನೆಯವನಿಗೆ ಅದಕ್ಕಿಂತ ದೊಡ್ಡ ಅವಮಾನ ಇಲ್ಲ.

ವ್ಯಾಪಾರಿ ತಿನ್ನುವುದರಲ್ಲಿ ಧಾರಾಳಿ. ರುಚಿ ನೋಡಲು ಬಂದವನು ಒಂದು ಅಚ್ಚನ್ನೇ ಮುಗಿಸಿ, ಮೇಲೆ ಒಂದು ಚೊಂಬು ಕಬ್ಬಿನ ಹಾಲು ಕುಡಿದು ಏಳುತ್ತಿದ್ದ. ರೈತನಿಗೆ ಅದನ್ನು ನೋಡುವುದೇ ಹಬ್ಬ. “ನೀನು ಹೀಗೇ ತಿಂದರೆ ಸಂತೆಗೆ ಸಾಗಿಸಲು ಗಾಡಿಯೇ ಬೇಡ ಕಣಯ್ಯ, ನಿನ್ನನ್ನೇ ಉರುಳಿಸಿಕೊಂಡು ಹೋಗಬಹುದು” ಎನ್ನುತ್ತಿದ್ದ. ಇಬ್ಬರೂ ನಗುತ್ತಿದ್ದರು. ಹಾಗೆ ಬಹಳ ಕಾಲ ನಡೆಯಿತು.

ಆಮೇಲೆ ವ್ಯಾಪಾರಿಗೆ ಮಂಡಿ ನೋವು ಹಿಡಿಯಿತು. ಸಕ್ಕರೆ ಕಾಯಿಲೆ ಬಂತು. ಮಲಗಿದರೆ ಉಸಿರು ಕಟ್ಟುತ್ತಿತ್ತು. ಪಥ್ಯ ಮಾಡಿದ, ನಡೆದ, ಉಪವಾಸವಿದ್ದ. ಇಳಿದ ಭಾರ ಮತ್ತೆ ಏರಿತು. ಕೊನೆಗೆ ವೈದ್ಯರು ಅವನ ಹೊಟ್ಟೆಯನ್ನು ಕೊಯ್ದು ಚಿಕ್ಕದು ಮಾಡಿದರು. ಅವನು ಬದುಕಿದ. ಭಾರ ಇಳಿಯಿತು, ಮಂಡಿ ನೋವು ಕಡಿಮೆಯಾಯಿತು, ಸುಖವಾಗಿ ನಿದ್ದೆ ಬಂತು.

ಆದರೆ ಚಿಕ್ಕದಾದ ಹೊಟ್ಟೆಯೊಡನೆ ಬಾಳುವುದು ಬೇರೆಯೇ ವಿದ್ಯೆ. ಅನ್ನದ ಜೊತೆ ನೀರು ಕುಡಿಯುವಂತಿಲ್ಲ. ಅವಸರದಲ್ಲಿ ನುಂಗುವಂತಿಲ್ಲ. ಒಂದು ತುತ್ತು ಹೆಚ್ಚಾದರೆ ಎದೆಯಲ್ಲಿ ನಿಲ್ಲುತ್ತದೆ, ಇಲ್ಲವೇ ಹೊರಗೆ ಬರುತ್ತದೆ. ಮಾತ್ರೆಗಳನ್ನು ಕಡೆಯವರೆಗೂ ನುಂಗಬೇಕು, ಬಿಟ್ಟರೆ ರಕ್ತ ಕಡಿಮೆಯಾಗುತ್ತದೆ. ಅವನ ಕೂದಲು ಉದುರಿತು. ತೋಳಿನ ತೊಗಲು ಜೋತುಬಿತ್ತು. ದಪ್ಪ ಎಂದು ನಕ್ಕವರೇ ಈಗ, ಯಾವ ರೋಗವೋ ಏನೋ ಎಂದು ಪಿಸುಗುಟ್ಟಿದರು. ಬಾಯಿ ಕಟ್ಟಲಾರದವನು ಹೊಟ್ಟೆ ಕಟ್ಟಿಸಿಕೊಂಡ ಎಂದವರೂ ಇದ್ದರು. ಅವನು ಯಾರಿಗೂ ಉತ್ತರ ಕೊಡಲಿಲ್ಲ. ಹೊಟ್ಟೆ ಚಿಕ್ಕದಾಗಿತ್ತು, ನಾಲಿಗೆಯ ನೆನಪು ಚಿಕ್ಕದಾಗಿರಲಿಲ್ಲ. ಆ ನೋವು ಅವನೊಬ್ಬನಿಗೇ ಗೊತ್ತು.

ಹಂಗಾಮು ಬಂತು. ಸೊರಗಿದ್ದ ವ್ಯಾಪಾರಿ ಆಲೆಮನೆಗೆ ಬಂದ. ಅವನ ಹೊಟ್ಟೆಯ ಸಂಗತಿ ರೈತನಿಗೆ ತಿಳಿದಿರಲಿಲ್ಲ. ರೈತ ಮೊದಲ ಅಚ್ಚನ್ನು ಮುರಿದು ಕೊಟ್ಟ. ವ್ಯಾಪಾರಿ ಅದನ್ನು ಮೂಸಿದ, ಕಣ್ಣಿಗೆ ಒತ್ತಿಕೊಂಡ, ಬಾಳೆ ಎಲೆಯ ತುಂಡಿನ ಮೇಲೆ ಇಟ್ಟ.

ಕೊಪ್ಪರಿಗೆಯ ಸುತ್ತ ಇದ್ದ ಆಳುಗಳು ಕೈ ನಿಲ್ಲಿಸಿದರು.

“ಏನಯ್ಯಾ, ಕೆಳಗಿಟ್ಟೆ?” ಎಂದ ರೈತ.

“ಬೆಲ್ಲ ಚೆನ್ನಾಗಿದೆ. ತಿನ್ನಲು ನನ್ನಿಂದ ಆಗದು. ಸಿಹಿ ನನಗೆ ಒಗ್ಗುವುದಿಲ್ಲ.”

“ಬೆಲ್ಲದ ವ್ಯಾಪಾರಿಗೆ ಸಿಹಿ ಒಗ್ಗದೇ? ಮೀನಿಗೆ ನೆಗಡಿ ಎಂದ ಹಾಗಾಯಿತು. ಬೇರೆ ಕಡೆ ಮಾತಾಡಿಕೊಂಡು ಬಂದಿದ್ದರೆ ನೇರವಾಗಿ ಹೇಳು. ಇಲ್ಲವಾದರೆ ತಿನ್ನು. ನನ್ನ ಆಣೆ.”

ಆಣೆ ಬಿದ್ದ ಮೇಲೆ ವ್ಯಾಪಾರಿ ತಿಂದ. ಗೆಳೆಯನ ಮುಖ ನೋಡುತ್ತಾ, ಒಂದು ಉಂಡೆಯಷ್ಟು ತಿಂದ. ಸ್ವಲ್ಪ ಹೊತ್ತಿಗೆ ಮೈಯೆಲ್ಲ ಬೆವರಿತು. ಎದೆ ಡವಡವ ಹೊಡೆದುಕೊಂಡಿತು. ಕಣ್ಣು ಕತ್ತಲೆ ಬಂದು ಕಬ್ಬಿನ ಸಿಪ್ಪೆಯ ಮೇಲೆ ಒರಗಿದ. ತಿಂದದ್ದು ಹೊರಗೆ ಬಂತು.

ರೈತನಿಗೆ ಮೊದಲು ಭಯವಾಯಿತು. ಆಳುಗಳು ನೋಡುತ್ತಿದ್ದಾರೆ ಎಂದು ಹೊಳೆದಾಗ ಭಯ ಸಿಟ್ಟಾಯಿತು. “ನನ್ನ ಬೆಲ್ಲ ತಿಂದು ಬಿದ್ದೆ ಅಂತ ಸಂತೆಯಲ್ಲೆಲ್ಲ ಸಾರಿಬಿಡು, ಹೋಗು!” ಎಂದ.

ವ್ಯಾಪಾರಿ ಮುಖ ಒರೆಸಿಕೊಂಡ. ಸುಧಾರಿಸಿಕೊಂಡು ಎದ್ದ. ಎಲೆಯಲ್ಲಿ ಉಳಿದಿದ್ದ ಬೆಲ್ಲವನ್ನು ಮಡಿಚಿ ಜೇಬಿಗೆ ಹಾಕಿಕೊಂಡ. ಹೊರಟುಹೋದ.

ಮುಂದಿನ ಹಂಗಾಮಿಗೆ ಅವನು ಬರಲಿಲ್ಲ. ರೈತ ಬೇರೆಯವರಿಗೆ ಬೆಲ್ಲ ಮಾರಿದ. ಮಾರಾಟ ಚೆನ್ನಾಗಿಯೇ ಆಯಿತು. ಆದರೆ ಮೊದಲ ಅಚ್ಚು ಮುರಿಯುವಾಗ ಕೈ ತಡೆಯಿತು. ನನ್ನ ಬೆಲ್ಲದಲ್ಲಿ ಏನು ದೋಷ ಕಂಡೆ ಎಂದು ಕೇಳಿಯೇಬಿಡುತ್ತೇನೆ ಎಂದು ಜಗಳ ಕಟ್ಟಿಕೊಂಡು ವ್ಯಾಪಾರಿಯ ಊರಿಗೆ ಹೋದ.

ಹೋದದ್ದು ಊಟದ ಹೊತ್ತಿಗೆ. ವ್ಯಾಪಾರಿಯ ಹೆಂಡತಿ ರೈತನಿಗೂ ತಟ್ಟೆ ಇಟ್ಟಳು. ವ್ಯಾಪಾರಿಯ ಮುಂದೆ ಇದ್ದದ್ದು ಕೂಸಿಗೆ ಅನ್ನ ಕಲಸುವ ಬೆಳ್ಳಿಯ ಬಟ್ಟಲು. ಅದರ ತಳ ಮುಚ್ಚುವಷ್ಟು ಅನ್ನ, ಬೇಳೆ. ಪಕ್ಕದಲ್ಲಿ ಮಾತ್ರೆಗಳು. ರೈತ ಆ ಬಟ್ಟಲನ್ನು ನೋಡಿದ. ಕಟ್ಟಿಕೊಂಡು ಬಂದಿದ್ದ ಜಗಳ ಬಾಯಿಗೆ ಬರಲಿಲ್ಲ.

“ಇಷ್ಟೇನಾ?” ಎಂದ.

“ಇಷ್ಟೇ. ಈಗ ನನಗೂ ಬೆಕ್ಕಿಗೂ ಒಂದೇ ಅಳತೆ. ಅದಾದರೆ ಹೊರಗೆ ಹೋಗಿ ಕದ್ದಾದರೂ ತಿನ್ನುತ್ತದೆ, ನನಗೆ ಆ ಯೋಗವೂ ಇಲ್ಲ” ಎಂದು ವ್ಯಾಪಾರಿ ನಕ್ಕ. ಆಮೇಲೆ ದೇವರ ಗೂಡಿನ ಕಡೆ ಕಣ್ಣಲ್ಲೇ ತೋರಿಸಿದ.

ಅಲ್ಲಿ ಒಣಗಿದ ಬಾಳೆ ಎಲೆಯ ಮೇಲೆ ಒಂದು ಚೂರು ಬೆಲ್ಲ ಇತ್ತು. ಕಪ್ಪಾಗಿತ್ತು.

“ನಿನ್ನದೇ. ತಿನ್ನಲು ದೇಹ ಬಿಡಲಿಲ್ಲ. ಎಸೆಯಲು ಮನಸ್ಸು ಬರಲಿಲ್ಲ.”

ರೈತ ತಲೆ ತಗ್ಗಿಸಿ ಊಟ ಮಾಡಿದ. ಅವನ ತಟ್ಟೆ ಬೇಗ ಬರಿದಾಯಿತು. ವ್ಯಾಪಾರಿ ಇನ್ನೂ ಮೂರನೆಯ ತುತ್ತನ್ನು ಅಗಿಯುತ್ತಿದ್ದ. ಹೆಂಡತಿ ಕೈತೊಳೆಯಲು ನೀರು ತಂದಳು. ಜೊತೆಗೆ ಕೂತವನು ಉಣ್ಣುತ್ತಿರುವಾಗ ಏಳಬಾರದು ಎಂದು ರೈತನಿಗೆ ಅವನ ತಂದೆ ಕಲಿಸಿದ್ದ. ಅವನು ಏಳಲಿಲ್ಲ. ಎಂಜಲು ಕೈ ಒಣಗಿ ಬಿಗಿಯಿತು. ಕಬ್ಬಿನ ಸಂಗತಿ ಮಾತಾಡಿದ, ನೀರಿನ ಸಂಗತಿ ಮಾತಾಡಿದ. ಇನ್ನೊಂದು ತುತ್ತು ಹಾಕಿಸಿಕೊ ಎಂದು ಒಮ್ಮೆಯೂ ಹೇಳಲಿಲ್ಲ. ಬಟ್ಟಲು ಮುಗಿಯುವವರೆಗೂ ಕೂತ.

ಎಷ್ಟೋ ದಿನಗಳಿಂದ ವ್ಯಾಪಾರಿ ಒಬ್ಬನೇ ಉಣ್ಣುತ್ತಿದ್ದ. ಉಳಿದವರೆಲ್ಲ ಎದ್ದ ಮೇಲೆ ಎಲೆಯ ಮುಂದೆ ಒಬ್ಬನೇ ಉಳಿಯುವ ನಾಚಿಕೆಗೆ, ಯಾರ ಮನೆಯ ಪಂಕ್ತಿಗೂ ಹೋಗುವುದನ್ನು ಬಿಟ್ಟಿದ್ದ. ಆ ದಿನ ಅವನ ಬಟ್ಟಲು ನಿಧಾನವಾಗಿ ಬರಿದಾಯಿತು. ಊಟ ಮೈಗೆ ಹತ್ತಿತು.

ಮರುವರ್ಷದ ಹಂಗಾಮಿಗೆ ಅವನು ಆಲೆಮನೆಗೆ ಬಂದ. ರೈತ ಮೊದಲ ಅಚ್ಚನ್ನು ಮುರಿದ. ಆಳುಗಳೆಲ್ಲರ ಎದುರಿಗೆ ಅದನ್ನು ತಾನೇ ಎಲೆಯ ಮೇಲೆ ಇಟ್ಟು ವ್ಯಾಪಾರಿಯ ಮುಂದೆ ಸರಿಸಿದ. ವ್ಯಾಪಾರಿ ಬೆರಳಲ್ಲಿ ಉಜ್ಜಿದ, ಮೂಸಿದ, ತಲೆಯಾಡಿಸಿದ. ವ್ಯಾಪಾರ ಕುದುರಿತು.

ಗುರುಗಳು ಕತೆ ನಿಲ್ಲಿಸಿದರು.

ದೇವೀರಮ್ಮ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಆದರೂ ಅವಳ ಮನಸ್ಸಿನಲ್ಲಿ ಒಂದು ಮುಳ್ಳು ಉಳಿದಿತ್ತು.

“ಕರೆಯುತ್ತೇನೆ ಬುದ್ಧಿ, ನಾನೇ ಹೋಗಿ ಕರೆಯುತ್ತೇನೆ. ಆದರೆ ಮದುವೆಯ ಪಂಕ್ತಿಯಲ್ಲಿ ಎರಡು ತುತ್ತಿಗೆ ಅವನು ಮತ್ತೆ ‘ಸಾಕು’ ಅಂದರೆ, ನಾನು ಹೇಗೆ ತಡೆದುಕೊಳ್ಳಲಿ?”

ಗುರುಗಳು ಹೇಳಿದರು:

“‘ಸಾಕು’ ಎಂಬುದು ಅನ್ನವನ್ನು ತಳ್ಳುವ ಮಾತಲ್ಲ ತಾಯಿ, ಸಾಕಿದವಳಿಗೆ ಹೊಟ್ಟೆ ತುಂಬಿತು ಎಂದು ಹೇಳುವ ಮಾತು.”

ದೇವೀರಮ್ಮ ಲಗ್ನಪತ್ರಿಕೆಯನ್ನು ಎತ್ತಿಕೊಂಡು ತಮ್ಮನ ಮನೆಯ ದಾರಿ ಹಿಡಿದಳು.